ಕಿಟಕಿ ಸೀಟು ಎಡಕ್ಕೋ ಬಲಕ್ಕೋ? ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮೇ ಕೊನೆಯ ವಾರ ನಾನು ಮತ್ತು ನಮ್ಮ ಯಜಮಾನರು ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ ಲಂಡನ್, ಅಲ್ಲಿಂದ 3.30ಕ್ಕೆ ಸಿಯಾಟಲ್ ವಿಮಾನ. ಅಕ್ಟೋಬರ್ ಮಧ್ಯದಲ್ಲಿ ಸಿಯಾಟಲ್‌ನಿಂದ ಸಂಜೆ 7ಕ್ಕೆ ಹೊರಟು, ಮರುದಿನ ಮಧ್ಯಾಹ್ನ ಲಂಡನ್‌ನಲ್ಲಿ ವಿಮಾನ ಬದಲಿಸಿ, ಬೆಳಗಿನ ಜಾವ ಬೆಂಗಳೂರಿಗೆ ವಾಪಸ್. ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಗ್ರೀನ್‌ಲ್ಯಾಂಡ್ ಬರೆದಿದ್ದೇನೆ. ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ. ನಮ್ಮ ಬೀದಿಯವರೊಬ್ಬರು, ‘ಯಾವಾಗಲೂ ಕೆ ಸೀಟೇ ಹಿಡಿಯಿರಿ, ಹಿಮಾಲಯವೂ ಕಾಣುತ್ತದೆ’ ಎನ್ನುತ್ತಾರೆ. ಅಳಿಯಂದಿರು, ‘ಕಿಟಕಿ ಪಕ್ಕ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಇಬ್ಬರಿಗೂ ಐಲ್ (ಓಡಾಡುವ ದಾರಿಯ ಪಕ್ಕದ) ಸೀಟು ಹಾಕಿಸುತ್ತೇನೆ’ ಎನ್ನುತ್ತಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆ, ಮಂಡಿನೋವು, ಆಗಾಗ ಏಳಲೇಬೇಕು. ಕಿಟಕಿ ಸೀಟಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವೇ? ಹೊರಡುವಾಗ ನಮ್ಮ ಕನ್ನಂಬಾಡಿ ಕಾಣುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ: ಕಿಟಕಿ ಪಕ್ಕ ಕೂರುವುದು ಆರೋಗ್ಯಕ್ಕೆ ಕೆಡುಕೇ, ಗ್ರೀನ್‌ಲ್ಯಾಂಡ್ ಕಾಣಲು ಯಾವ ಕಡೆ ಕೂರಬೇಕು, ಮತ್ತು ಆಗಾಗ ಏಳಬೇಕಾದ ಯಜಮಾನರ ಪಕ್ಕದಲ್ಲಿ ಇದನ್ನೆಲ್ಲ ಹೇಗೆ ಹೊಂದಿಸುವುದು. ಮಕ್ಕಳ ಮನೆಗೆ ಹೊರಟ ಮೈಸೂರು, ಮಂಡ್ಯದ ಹಿರಿಯರಿಗೆ ಟಿಕೆಟ್ ಮಾಡಿಸಿಕೊಡುವುದೇ ನನ್ನ ಕೆಲಸ. ಗ್ರೀನ್‌ಲ್ಯಾಂಡ್ ನೋಡಬೇಕೆಂದು ಕೇಳಿಕೊಂಡು ಬರುವವರು ಬಹಳ ಅಪರೂಪ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಳಿಯಂದಿರ ಮಾತು. ಅದು ಪೂರ್ತಿ ಸುಳ್ಳಲ್ಲ, ಆದರೆ ತಪ್ಪು ಕಿಟಕಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 4 ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆ ಹೆಚ್ಚಿದ ಮೇಲೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಗೆ ಒಬ್ಬರಲ್ಲಿ ಕಾಣಿಸುವ ತೊಂದರೆ. ಬಸ್ಸು, ಕಾರು, ರೈಲಿನಲ್ಲಿ ಅಲುಗಾಡದೆ ಕೂತರೂ ಇದೇ ಅಪಾಯ. ಕಿಟಕಿ ಪಕ್ಕದವರಿಗೆ ಹೆಚ್ಚು ಎನ್ನುವುದಕ್ಕೆ ಕಾರಣ, ಪಕ್ಕದವರನ್ನು ಏಳಿಸಲು ಸಂಕೋಚಪಟ್ಟು ಅವರು ಏಳುವುದೇ ಇಲ್ಲ. ನಮ್ಮ ಕಡೆಯ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಏಳಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಿಮಾನದೊಳಗಿನ ಗಾಳಿ ಬಹಳ ಒಣಗಿದ್ದು. ನೀರು ಕುಡಿಯಿರಿ, ಎರಡು ಗಂಟೆಗೊಮ್ಮೆ ಏಳಿ, ಕೂತಲ್ಲೇ ಪಾದ ಆಡಿಸಿ. ಯಾರಿಗಾದರೂ ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಬಿಗಿ ಕಾಲುಚೀಲ, ಔಷಧಿಯ ವಿಚಾರವನ್ನು ವೈದ್ಯರ ಬಳಿ ಕೇಳಿಯೇ ಹೊರಡಿ. ಇಷ್ಟು ಮಾಡುವುದಾದರೆ ನಿಮ್ಮ ಕಿಟಕಿಯನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ.

ಇನ್ನು ‘ಯಾವಾಗಲೂ ಕೆ’ ಎಂಬ ಸಲಹೆ. ವಿಮಾನದ ಮೂತಿಯತ್ತ ಮುಖ ಮಾಡಿ ನಿಂತರೆ ಎಡಗಡೆಯ ಕಿಟಕಿ ಎ. ದೊಡ್ಡ ವಿಮಾನಗಳಲ್ಲಿ ಬಲಗಡೆಯ ಕಿಟಕಿ ಸಾಮಾನ್ಯವಾಗಿ ಕೆ. ಅಕ್ಷರದಲ್ಲಿ ಶುಭ ಅಶುಭ ಏನೂ ಇಲ್ಲ. ಹೋಗುವಾಗ ಉತ್ತರಕ್ಕೆ ತೆರೆದ ಕಿಟಕಿ ಬರುವಾಗ ದಕ್ಷಿಣಕ್ಕೆ ತೆರೆಯುತ್ತದೆ. ಹಿಮಾಲಯವಂತೂ ನಿಮ್ಮ ಹಾದಿಯಲ್ಲೇ ಇಲ್ಲ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವ ವಿಮಾನ ವಾಯವ್ಯಕ್ಕೆ ಹೊರಟು ಅರಬ್ಬಿ ಸಮುದ್ರ ದಾಟುತ್ತದೆ. ಆ ಹಾದಿಯಿಂದ ಹಿಮಾಲಯ ಸಾವಿರ ಕಿ.ಮೀ.ಗೂ ಹೆಚ್ಚು ದೂರ. 11 ಕಿ.ಮೀ. ಎತ್ತರದಿಂದ ದಿಗಂತ ಇರುವುದು ಸುಮಾರು 370 ಕಿ.ಮೀ. ದೂರದಲ್ಲಿ.

ನಾನು ಎಡ ಬಲ ಕೇಳುವ ಮೊದಲು ಗಡಿಯಾರ ಕೇಳುತ್ತೇನೆ. ರಾತ್ರಿ ಹಾರುವ ವಿಮಾನದಲ್ಲಿ ಕಿಟಕಿ ಸೀಟು ಎಂದರೆ ಬರೀ ತಣ್ಣನೆಯ ಗೋಡೆ. ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ ಇರುವಾಗ ಆ ಗೋಡೆಯ ಬದಿಯ ಕಾಲು, ಭುಜ ಎರಡೂ ಕೊರೆಯುತ್ತವೆ. ಅದಕ್ಕಾಗಿ ಹೆಚ್ಚಿನ ಹಣ ಕೊಡುವುದು ದಂಡ. ನಿಮ್ಮ ನಾಲ್ಕು ಹಾರಾಟಗಳಲ್ಲಿ ಹೋಗುವಾಗಿನ ಎರಡೂ ಹಗಲಿನವು, ಬರುವಾಗಿನ ಎರಡೂ ಬಹುಪಾಲು ರಾತ್ರಿಯವು. ಹಾಗಾಗಿ ನಾಲ್ಕಕ್ಕೂ ಒಂದೇ ಬಗೆಯ ಸೀಟು ಬೇಡ. ಒಂದೊಂದನ್ನೂ ಬೇರೆಯಾಗಿ ನೋಡೋಣ. ಎಲ್ಲಕ್ಕಿಂತ ಮುಖ್ಯವಾದದ್ದು ಲಂಡನ್–ಸಿಯಾಟಲ್, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನಿಮ್ಮಲ್ಲಿ ಒಂದು ಗ್ಲೋಬ್ ಇದ್ದೇ ಇರುತ್ತದೆ. ಲಂಡನ್ ಮೇಲೆ ದಾರದ ಒಂದು ತುದಿ, ಸಿಯಾಟಲ್ ಮೇಲೆ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆಯಿರಿ. ಗೋಡೆಯ ನಕಾಶೆಯಲ್ಲಿ ನೇರ ಪಶ್ಚಿಮಕ್ಕೆ ಕಾಣುವ ದಾರಿ ಗ್ಲೋಬಿನ ಮೇಲೆ ಉತ್ತರಕ್ಕೆ ಬಾಗಿ, ಐಸ್‌ಲ್ಯಾಂಡ್ ಸವರಿಕೊಂಡು, ಗ್ರೀನ್‌ಲ್ಯಾಂಡನ್ನು ಅಡ್ಡ ಹಾಯ್ದು, ಡೇವಿಸ್ ಜಲಸಂಧಿ ದಾಟಿ, ಕೆನಡಾದ ಮೇಲಿಂದ ಇಳಿಯುತ್ತದೆ. ಇದೇ ಮಹಾವೃತ್ತದ ಹಾದಿ, ಅಂದರೆ ಭೂಮಿಯ ಮೇಲಿನ ಅತಿ ಹತ್ತಿರದ ದಾರಿ. ಅದು ಏರುವ ಗರಿಷ್ಠ ಅಕ್ಷಾಂಶ 67-68 ಡಿಗ್ರಿಯ ಆಸುಪಾಸು. ಮರ್ಕೇಟರ್ ನಕಾಶೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು ಎಂದು ನೀವು ಮಕ್ಕಳಿಗೆ ಹೇಳಿಯೇ ಇರುತ್ತೀರಿ. ಆ ಗೋಡೆ ನಕಾಶೆ ನೋಡಿ ಸೀಟು ಆರಿಸುವವರೂ ಇದೇ ರೀತಿ ದಾರಿ ತಪ್ಪುತ್ತಾರೆ.

ಈಗ ಬಿಸಿಲಿನ ಲೆಕ್ಕ. ಭೂಮಿ ಸಮಭಾಜಕ ವೃತ್ತದಲ್ಲಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ, ಅಂದರೆ 835. ನಿಮ್ಮ ವಿಮಾನದ ವೇಗ ಸುಮಾರು 900. ಪಶ್ಚಿಮಕ್ಕೆ ಹಾರುವ ನೀವು ಭೂಮಿಯ ತಿರುಗಾಟವನ್ನು ಹೆಚ್ಚುಕಡಿಮೆ ಅಳಿಸಿಹಾಕುತ್ತೀರಿ. ಒಂಬತ್ತೂವರೆ ಗಂಟೆ ಹಾರಿದರೂ ಇಳಿಯುವಾಗ ಅಲ್ಲಿನ ಗಡಿಯಾರ ಸಂಜೆ 5ನ್ನು ಮಾತ್ರ ತೋರಿಸುತ್ತಿರುತ್ತದೆ. ಅಷ್ಟೂ ಹೊತ್ತು ಸೂರ್ಯ ನೈಋತ್ಯದಲ್ಲೇ ನಿಂತಿರುತ್ತಾನೆ. ವಿಮಾನ ಮೊದಲು ವಾಯವ್ಯಕ್ಕೆ, ಆಮೇಲೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬಿಸಿಲು ಎಡಗಡೆ ಕೂತವರ ಕಣ್ಣಿಗೆ ಹೊಡೆಯುತ್ತದೆ. ಬಲಗಡೆ ಕೂತವರಿಗೆ ಸೂರ್ಯ ಬೆನ್ನ ಹಿಂದೆ. ಎದುರಿನ ಹಿಮದ ಮೇಲೆ ಬೆಳಕು ನೇರವಾಗಿ ಬೀಳುತ್ತದೆ. ಕೊನೆಯ ಎರಡು ಮೂರು ಗಂಟೆ, ಕೆನಡಾದ ಮೇಲಿಂದ ನೈಋತ್ಯಕ್ಕೆ ಇಳಿಯುವಾಗ, ಸೂರ್ಯ ಮುಂದಕ್ಕೂ ಬಲಕ್ಕೂ ಸರಿಯುತ್ತಾನೆ. ಅಷ್ಟರಲ್ಲಿ ನೋಡಬೇಕಾದದ್ದು ಮುಗಿದಿರುತ್ತದೆ.

ಬಲಗಡೆಗೆ ಇನ್ನೂ ಒಂದು ಕಾರಣವಿದೆ. ಮಹಾವೃತ್ತದ ಹಾದಿ ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯನ್ನು ಸುಮಾರು 66 ಡಿಗ್ರಿಯಲ್ಲಿ ಮುಟ್ಟುತ್ತದೆ. ಅಲ್ಲಿಂದ ಈಶಾನ್ಯಕ್ಕೆ, ಅಂದರೆ ನಿಮ್ಮ ಬಲಕ್ಕೆ ಬಹು ದೂರದಲ್ಲಿ, ವಾಟ್ಕಿನ್ಸ್ ಪರ್ವತಸಾಲು. ಅದರಲ್ಲಿರುವ 3,694 ಮೀಟರ್ ಎತ್ತರದ ಗುನ್‌ಬ್ಯೋರ್ನ್ ಶಿಖರ ಇಡೀ ಗ್ರೀನ್‌ಲ್ಯಾಂಡಿನಲ್ಲೇ ಅತಿ ಎತ್ತರದ್ದು. ಕಪ್ಪು ಬಂಡೆಯ ಶಿಖರಗಳು, ಅವುಗಳ ನಡುವೆ ಸಮುದ್ರಕ್ಕೆ ಇಳಿಯುವ ಹಿಮನದಿಗಳು, ಫ್ಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕೊಲ್ಲಿಗಳಲ್ಲಿ, ತೇಲುವ ನೀರ್ಗಲ್ಲುಗಳು. ಮೇ ಕೊನೆಯಲ್ಲಾದರೆ ಕರಾವಳಿಯುದ್ದಕ್ಕೂ ಒಡೆದು ಚೂರಾದ ಸಮುದ್ರದ ಮಂಜುಗಡ್ಡೆ. ಆಮೇಲೆ ಸುಮಾರು ಒಂದು ಗಂಟೆ ಬರೀ ಬಿಳುಪು. ನಾಡಿನ ಐದರಲ್ಲಿ ನಾಲ್ಕು ಪಾಲನ್ನು ಮುಚ್ಚಿರುವ, ಕೆಲವು ಕಡೆ 3 ಕಿ.ಮೀ.ಗೂ ಮಿಕ್ಕಿ ದಪ್ಪವಿರುವ ಹಿಮದ ಹಾಸು ಅದು. ಪಶ್ಚಿಮ ಕರಾವಳಿಯ ಇಲುಲಿಸ್ಸಾಟ್ ಹಿಮ ಫ್ಯೋರ್ಡ್ 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮಹಾವೃತ್ತದ ಹಾದಿಯಲ್ಲೇ ಹೋದರೆ ಅದೂ ನಿಮ್ಮ ಬಲಕ್ಕೇ, ದೂರದಲ್ಲಿ.  

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಲಂಡನ್ ಬಿಟ್ಟು ಮೂರು, ಮೂರೂವರೆ ಗಂಟೆಗೆ ಗ್ರೀನ್‌ಲ್ಯಾಂಡ್ ಬರುತ್ತದೆ. ಊಟ ಕೊಟ್ಟು, ತಟ್ಟೆ ತೆಗೆದು, ದೀಪ ಆರಿಸಿ, ‘ಕಿಟಕಿ ಮುಚ್ಚಿ ಮಲಗಿ’ ಎನ್ನುವುದೂ ಸರಿಯಾಗಿ ಅದೇ ಹೊತ್ತಿಗೆ. ಎಷ್ಟೋ ಜನ ಸಾವಿರಾರು ರೂಪಾಯಿ ಕೊಟ್ಟು ಕಿಟಕಿ ಹಿಡಿದು, ಆ ಒಂದು ಗಂಟೆ ಮುಚ್ಚಳ ಎಳೆದು ನಿದ್ದೆ ಮಾಡಿ ಬರುತ್ತಾರೆ. ಸೀಟಿನ ಮುಂದಿನ ಪರದೆಯಲ್ಲಿ ನಕಾಶೆ ಹಾಕಿಟ್ಟುಕೊಳ್ಳಿ. ಐಸ್‌ಲ್ಯಾಂಡ್ ದಾಟುತ್ತಿದ್ದಂತೆ ಎಚ್ಚರವಾಗಿರಿ. ಮುಚ್ಚಳ ಮುಚ್ಚಲು ಹೇಳಿದರೆ, ‘ಗ್ರೀನ್‌ಲ್ಯಾಂಡ್ ನೋಡಬೇಕು, ನಾಲ್ಕು ಬೆರಳಷ್ಟು ತೆರೆದಿರಲಿ’ ಎಂದು ನಗುತ್ತಾ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ತಲೆಯ ಮೇಲೆ ಶಾಲು ಹೊದ್ದು ಕಿಟಕಿಗೆ ಮುಖ ಇಟ್ಟರೆ ಬೆಳಕು ಪಕ್ಕದವರ ಕಣ್ಣಿಗೆ ಬೀಳುವುದಿಲ್ಲ. ಬೋಯಿಂಗ್ 787ರಲ್ಲಿ ಈ ಚೌಕಾಸಿ ಕಷ್ಟ. ಅದರ ಕಿಟಕಿಗಳು ದೊಡ್ಡವು, ಸುಮಾರು 19 ಅಂಗುಲ ಎತ್ತರದವು. ಆದರೆ ಮುಚ್ಚಳವಿಲ್ಲ, ಗುಂಡಿ ಒತ್ತಿದರೆ ಗಾಜೇ ಕಪ್ಪಾಗುತ್ತದೆ. ಸಿಬ್ಬಂದಿ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಕಪ್ಪಾಗಿಸಿ ಹಾಗೇ ಹಿಡಿದಿಡಬಲ್ಲರು. ಅಂಥ ವಿಮಾನವಾದರೆ ಹತ್ತಿದ ಕೂಡಲೇ ಗಗನಸಖಿಗೆ ನಿಮ್ಮ ಆಸೆಯನ್ನು ಹೇಳಿಟ್ಟಿರಿ.

ಹಾದಿಯ ಖಾತರಿಯನ್ನು ಮಾತ್ರ ನಾನು ಕೊಡಲಾರೆ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ದಿನದಿನಕ್ಕೆ ಜಾಗ ಬದಲಿಸುತ್ತದೆ. ಎದುರುಗಾಳಿ ತಪ್ಪಿಸಲು ವಿಮಾನ ಒಂದು ದಿನ ಇನ್ನಷ್ಟು ಉತ್ತರಕ್ಕೆ, ಇನ್ನೊಂದು ದಿನ ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯತ್ತ ಹೋಗಬಹುದು. ಮೋಡ ಮುಚ್ಚಿದರಂತೂ ಮುಗಿಯಿತು. ಮಗಳಿಗೆ ಹೇಳಿ, ಹೊರಡುವ ವಾರ ವಿಮಾನಗಳ ಹಾದಿ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ಅದೇ ಸಂಖ್ಯೆಯ ವಿಮಾನ ಹಿಂದಿನ ದಿನಗಳಲ್ಲಿ ಹಾರಿದ ಹಾದಿಗಳನ್ನು ತೆಗೆಸಿ ನೋಡಿ. ಏಳರಲ್ಲಿ ಐದು ದಿನ ಗ್ರೀನ್‌ಲ್ಯಾಂಡ್ ಮೇಲೆ ಹೋಗಿದ್ದರೆ ನಂಬಿಕೆಯಿಂದ ಹತ್ತಬಹುದು.

ಸಿಯಾಟಲ್‌ನಲ್ಲಿ ಇಳಿಯುವಾಗ 4,392 ಮೀಟರ್ ಎತ್ತರದ ರೈನಿಯರ್ ಪರ್ವತ ಊರಿನ ಆಗ್ನೇಯಕ್ಕಿದೆ. ದಕ್ಷಿಣಕ್ಕೆ ಮುಖ ಮಾಡಿ ಇಳಿದರೆ ಎಡಕ್ಕೆ, ಉತ್ತರಕ್ಕೆ ಮುಖ ಮಾಡಿ ಇಳಿದರೆ ಬಲಕ್ಕೆ. ಅದನ್ನು ಗಾಳಿ ತೀರ್ಮಾನಿಸುತ್ತದೆ. ಮಗಳ ಊರಿನಲ್ಲಿ ನಾಲ್ಕೂವರೆ ತಿಂಗಳು ಹೇಗೂ ನೋಡುತ್ತೀರಿ, ಅದಕ್ಕಾಗಿ ಸೀಟು ಬದಲಿಸಬೇಡಿ.

ಈಗ ಸಾಲಿನ ವಿಚಾರ. ಸೀಟಿನ ಚಿತ್ರದಲ್ಲಿ ‘ಕಿಟಕಿ’ ಎಂದಿದ್ದರೂ ಕಿಟಕಿ ಇಲ್ಲದಿರಬಹುದು. ವಿಮಾನದ ಗೋಡೆಯಲ್ಲಿ ಕಿಟಕಿಗಳು ಸುಮಾರು 20 ಅಂಗುಲಕ್ಕೊಂದರಂತೆ ಇರುತ್ತವೆ, ಇಕಾನಮಿ ಸೀಟುಗಳು 31-32 ಅಂಗುಲಕ್ಕೊಂದು. ಎರಡೂ ತಾಳೆಯಾಗುವುದಿಲ್ಲ, ಕೆಲವು ಸಾಲಿನಲ್ಲಿ ಕಿಟಕಿ ಭುಜದ ಹಿಂದೆ ಬೀಳುತ್ತದೆ. ಇನ್ನು ಕೆಲವು ಕಡೆ ಗಾಳಿಯ ಕೊಳವೆ ಹಾದುಹೋಗುವುದರಿಂದ ಬರೀ ಗೋಡೆ. ಏರೋಲೋಪಾ ಎಂಬ ಜಾಲತಾಣದ ನಕ್ಷೆಗಳಲ್ಲಿ ಪ್ರತಿ ಸೀಟಿನ ಪಕ್ಕ ಕಿಟಕಿ ಎಲ್ಲಿದೆ ಎಂಬುದನ್ನೂ ತೋರಿಸಿರುತ್ತಾರೆ. ಹಣ ಕಟ್ಟುವ ಮೊದಲು ಅದನ್ನು ನೋಡಿಸಿ. ರೆಕ್ಕೆಯ ಮೇಲಿನ ಸಾಲುಗಳನ್ನು ಬಿಟ್ಟುಬಿಡಿ. ರೆಕ್ಕೆ ದಾಟಿದ ಕೂಡಲೇ ಬರುವ ಒಂದೆರಡು ಸಾಲುಗಳೂ ಬೇಡ, ಎಂಜಿನ್‌ನ ಬಿಸಿಗಾಳಿಯಲ್ಲಿ ನೋಟ ನೀರಿನೊಳಗಿಂದ ಕಂಡಂತೆ ಕದಡುತ್ತದೆ. ಇಕಾನಮಿಯವರಿಗೆ ಒಳ್ಳೆಯ ಕಿಟಕಿ ಸಿಗುವುದು ಬಹುತೇಕ ಹಿಂಬದಿಯಲ್ಲೇ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ ಎಂದು ಯಾರಾದರೂ ಆಸೆ ತೋರಿಸಿದರೆ ಬೇಡವೆನ್ನಿ. ತುರ್ತಿನಲ್ಲಿ ಬಾಗಿಲು ತೆರೆದು ನೆರವಾಗುವ ಶಕ್ತಿ ಇರುವವರಿಗಷ್ಟೇ ಆ ಸೀಟು. ಮಂಡಿನೋವಿನವರನ್ನು ಅಲ್ಲಿಂದ ಏಳಿಸುತ್ತಾರೆ.

ನಿಮ್ಮಿಬ್ಬರ ಅಗತ್ಯ ಹೊಂದುವುದೂ ಹಿಂಬದಿಯಲ್ಲೇ. ಏರ್‌ಬಸ್ ಎ330ರಲ್ಲಿ ಸಾಮಾನ್ಯವಾಗಿ ಸೀಟುಗಳು 2-4-2ರಂತೆ, ಅಂದರೆ ಎರಡೂ ಅಂಚಿಗೆ ಎರಡೆರಡು, ನಡುವೆ ನಾಲ್ಕು ಇರುತ್ತವೆ. ಬೋಯಿಂಗ್ 777ರಲ್ಲಿ 3-4-3 ಇದ್ದರೂ ಬಾಲ ಕಿರಿದಾಗುವ ಕೊನೆಯ ಕೆಲವು ಸಾಲುಗಳಲ್ಲಿ ಅಂಚಿಗೆ ಎರಡೇ ಸೀಟು ಹಾಕಿರುವುದುಂಟು. ನೀವು ಕಿಟಕಿಗೆ, ಯಜಮಾನರು ಐಲ್‌ಗೆ, ಮಧ್ಯೆ ಮೂರನೆಯವರಿಲ್ಲ. ಯಾರನ್ನೂ ಏಳಿಸುವ ಸಂಕೋಚವಿಲ್ಲ, ಶೌಚಾಲಯವೂ ಹತ್ತಿರ. ತೊಂದರೆಯೂ ಇದೆ: ಬಾಲದಲ್ಲಿ ಕುಲುಕಾಟ ಹೆಚ್ಚು, ಶೌಚಾಲಯದ ಮುಂದೆ ಜನ ನಿಲ್ಲುತ್ತಾರೆ, ಇಳಿಯುವಾಗ ಕೊನೆಯವರಾಗುತ್ತೀರಿ. ಊಟದ ಗಾಡಿ ಬರುವಷ್ಟರಲ್ಲಿ ಸಸ್ಯಾಹಾರ ಖಾಲಿಯಾಗಿರುವುದೂ ಉಂಟು. ಸಸ್ಯಾಹಾರಿಗಳಾದರೆ ಏಷ್ಯನ್ ವೆಜಿಟೇರಿಯನ್ ಊಟವನ್ನು ಹೊರಡುವ ಎರಡು ದಿನ ಮೊದಲೇ ಹೇಳಿಸಿಬಿಡಿ.

ಎರಡರ ಜೋಡಿ ಸಿಗದಿದ್ದರೆ ಮೂರರ ಸಾಲಿನಲ್ಲಿ ಕಿಟಕಿ ಮತ್ತು ಐಲ್ ಹಿಡಿದು ಮಧ್ಯದ್ದನ್ನು ಬಿಡಬಹುದು. ಮಧ್ಯದ ಸೀಟನ್ನು ಯಾರೂ ಬಯಸಿ ಕೇಳುವುದಿಲ್ಲವಾದ್ದರಿಂದ ವಿಮಾನ ತುಂಬದಿದ್ದರೆ ಅದು ಖಾಲಿ ಉಳಿದೀತು. ಮೇ ತಿಂಗಳಲ್ಲಿ ವಿಮಾನಗಳು ತುಂಬಿರುತ್ತವೆ, ಹಾಗಾಗಿ ಅಪರಿಚಿತರು ಬಂದು ಕೂರುವ ಸಾಧ್ಯತೆಯೇ ಹೆಚ್ಚು. ಆಗಲೂ ಯಜಮಾನರು ಐಲ್ ಬಿಟ್ಟುಕೊಡದಿರಲಿ. ಅವರು ಮಧ್ಯಕ್ಕೆ ಬಂದರೆ ಏಳುವುದನ್ನು ಕಡಿಮೆ ಮಾಡುತ್ತಾರೆ, ನೀರು ಕುಡಿಯುವುದನ್ನೂ. ಯಜಮಾನರಿಗೂ ನೋಡುವ ಆಸೆಯಿದ್ದರೆ, ಕಾಲು ಆಡಿಸಲು ಎದ್ದಾಗ ಹಿಂಬದಿಯ ಬಾಗಿಲ ಬಳಿ ಸಿಬ್ಬಂದಿಯನ್ನು ಕೇಳಿ ಅಲ್ಲಿನ ಸಣ್ಣ ಕಿಟಕಿಯಲ್ಲಿ ನೋಡಬಹುದು. ಬಾಗಿಲ ಹಿಡಿಯನ್ನು ಮುಟ್ಟಬಾರದು, ಅಷ್ಟೇ. ಹಾರುವಾಗ ಬಾಗಿಲು ತೆರೆದುಕೊಂಡೀತೆಂಬ ಭಯ ಮಾತ್ರ ಬೇಡ. ಅಷ್ಟು ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡದ ಎದುರು ಮನುಷ್ಯರ ಕೈಬಲ ಸಾಲುವುದಿಲ್ಲ.

ಬೆಂಗಳೂರು–ಲಂಡನ್ ಹಗಲಿನದಾದರೂ ಅಲ್ಲಿ ಇಷ್ಟು ಖಚಿತವಾಗಿ ಹೇಳಲಾಗದು. ಪಶ್ಚಿಮ ಏಷ್ಯಾದ ವಾಯುಪ್ರದೇಶ ಯಾವಾಗ ಎಲ್ಲಿ ಮುಚ್ಚುತ್ತದೋ ಅದರಂತೆ ಹಾದಿ ತಿರುಗುತ್ತದೆ. ಇರಾಕ್, ಪೂರ್ವ ಟರ್ಕಿಯ ಮೇಲೆ ಹೋದರೆ ವಾನ್ ಸರೋವರ, ದೂರದಲ್ಲಿ 5,137 ಮೀಟರ್‌ನ ಅರಾರಾಟ್ ಬಲಕ್ಕೆ. ಮಧ್ಯ ಯುರೋಪಿನಲ್ಲಿ ಆಲ್ಪ್ಸ್ ಎಡಕ್ಕೆ. ಹೀಥ್ರೂ ನಿಲ್ದಾಣದಲ್ಲಿ ವರ್ಷದ ಸುಮಾರು ಶೇ. 70 ಭಾಗ ವಿಮಾನಗಳು ಪೂರ್ವದಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತವೆ. ಆಗ ಥೇಮ್ಸ್ ನದಿ, ಟವರ್ ಬ್ರಿಜ್, ಸಂಸತ್ ಭವನ ಬಲಗಡೆಯವರಿಗೆ ಕಾಣುತ್ತವೆ. ಇಲ್ಲೂ ನನ್ನ ಮತ ಬಲಕ್ಕೇ, ಆದರೆ ಹೆಚ್ಚಿನ ಹಣ ಕೊಡಬೇಡಿ. ಈ ಹಾರಾಟದಲ್ಲಿ ನಿಮಗೆ ಮುಖ್ಯವಾಗಿ ಬೇಕಾದದ್ದು ನಿದ್ದೆ. 7 ಗಂಟೆಯ ವಿಮಾನಕ್ಕೆ ಮಂಡ್ಯದಿಂದ ನಡುರಾತ್ರಿ ಹೊರಟು, ನಿದ್ದೆಗೆಟ್ಟು ಹತ್ತಿದವರು ಗ್ರೀನ್‌ಲ್ಯಾಂಡ್ ಬರುವಷ್ಟರಲ್ಲಿ ತೂಕಡಿಸುತ್ತಿರುತ್ತಾರೆ. ಹಿಂದಿನ ದಿನವೇ ಹೋಗಿ ದೇವನಹಳ್ಳಿಯ ಆಸುಪಾಸು ರಾತ್ರಿ ತಂಗಿ. ಸೀಟಿಗೆ ಸುರಿಯುವ ಹಣಕ್ಕಿಂತ ಆ ರೂಮಿನ ಬಾಡಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕನ್ನಂಬಾಡಿ ಕೇಳಿದ್ದೀರಿ. ವಿಮಾನ ವಾಯವ್ಯಕ್ಕೆ ಹೋಗುತ್ತದೆ, ಕೆಆರ್‌ಎಸ್ ಬೆಂಗಳೂರಿನ ನೈಋತ್ಯಕ್ಕಿದೆ. ಎಡಗಡೆಯವರಿಗೆ ದೂರದಲ್ಲಿ, ಅದೂ ಮೇ ತಿಂಗಳ ಮಸುಕಿನಲ್ಲಿ. ನಿರೀಕ್ಷಿಸಬೇಡಿ.

ಬರುವಾಗ ಸಿಯಾಟಲ್–ಲಂಡನ್ ರಾತ್ರಿ ಪ್ರಯಾಣ. ಇಬ್ಬರಿಗೂ ಐಲ್ ಸೀಟು ಎಂಬ ಅಳಿಯಂದಿರ ಮಾತು ಇಲ್ಲಿ ಸರಿ. ಆದರೂ ನಿಮ್ಮಂಥವರಿಗೆ ಇನ್ನೊಂದು ಸಾಧ್ಯತೆಯನ್ನು ಹೇಳದೆ ಬಿಡಲಾರೆ. ಅಕ್ಟೋಬರ್ ಮಧ್ಯದಲ್ಲಿ ಉತ್ತರದ ರಾತ್ರಿಗಳು ಕತ್ತಲಾಗಿರುತ್ತವೆ, ಹಗಲು ರಾತ್ರಿ ಸಮವಾಗುವ ವಿಷುವತ್ತಿನ ಆಸುಪಾಸಿನ ವಾರಗಳಲ್ಲಿ ಧ್ರುವಪ್ರಭೆ, ಅಂದರೆ ಧ್ರುವಗಳ ಸಮೀಪದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಹೆಚ್ಚು ಕಾಣಿಸಿಕೊಳ್ಳುತ್ತದೆ, ನಿಮ್ಮ ಹಾದಿಯೂ ಅದು ಮೂಡುವ ವಲಯದಲ್ಲೇ ಸಾಗುತ್ತದೆ. ಪೂರ್ವಕ್ಕೆ ಹಾರುವಾಗ ಉತ್ತರ ಎಡಕ್ಕೆ, ಆದ್ದರಿಂದ ಈ ಬಾರಿ ಎ. ಬರಿಗಣ್ಣಿಗೆ ಅದು ಹಲವು ಸಲ ಬೂದು ಮೋಡದಂತೆ ಕಾಣುತ್ತದೆ. ಮೊಬೈಲಿನ ರಾತ್ರಿ ಕ್ಯಾಮೆರಾ ಹಿಡಿದರೆ ಹಸಿರು ಬಣ್ಣ ಮೂಡುತ್ತದೆ. ಕಂಡೇ ಕಾಣುತ್ತದೆಂಬ ಭರವಸೆ ಇಲ್ಲ. ನಿದ್ದೆ ಕೆಡಿಸಿಕೊಳ್ಳಲು ಸಿದ್ಧವಿದ್ದರೆ ಮಾತ್ರ ಹಿಡಿಯಿರಿ. ಲಂಡನ್–ಬೆಂಗಳೂರಿನಲ್ಲಿ ಹೊರಟ ಎರಡು ಮೂರು ಗಂಟೆಗೆ ಕತ್ತಲು, ಐಲ್‌ನಲ್ಲೇ ಕೂತು ಬನ್ನಿ.

ಕಣ್ಣಿಗೆ ಪೋಲರಾಯ್ಡ್ ತಂಪು ಕನ್ನಡಕ ಬೇಡ; ಕಿಟಕಿಯ ಪ್ಲಾಸ್ಟಿಕ್‌ನಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಕಂಡು ನೋಟ ಕೆಡುತ್ತದೆ. ಫೋಟೊ ತೆಗೆಯುವಾಗ ಮೊಬೈಲನ್ನು ಕಿಟಕಿಗೆ ಒತ್ತದೆ, ಒಂದು ಬೆರಳು ಬಿಟ್ಟು ಹಿಡಿಯಿರಿ. ಒತ್ತಿದರೆ ವಿಮಾನದ ನಡುಕ ಚಿತ್ರಕ್ಕೆ ಬರುತ್ತದೆ.

ಹಣದ ವಿಚಾರಕ್ಕೆ ಬಂದರೆ, ಲಂಡನ್–ಸಿಯಾಟಲ್‌ನ ಬಲಗಡೆಯ ಕಿಟಕಿ ಮತ್ತು ಅದರ ಸಾಲಿನ ಐಲ್, ಇವೆರಡನ್ನು ಮಾತ್ರ ಈಗಲೇ ಕೊಂಡುಬಿಡಿ. ಉಳಿದ ಮೂರು ಹಾರಾಟಗಳಿಗೆ ವೆಬ್ ಚೆಕ್-ಇನ್ ತೆರೆಯುವವರೆಗೆ ಕಾಯಿರಿ. ಅನೇಕ ಸಂಸ್ಥೆಗಳಲ್ಲಿ 24 ಗಂಟೆ ಮೊದಲು ತೆರೆಯುತ್ತದೆ, ಉಳಿದ ಸೀಟುಗಳಲ್ಲಿ ಉಚಿತವಾಗಿ ಆರಿಸಬಹುದು. ಆಗ ಐಲ್ ಸಿಗದೆ ಹೋಗುವ ಅಪಾಯವಿದೆ, ಆದ್ದರಿಂದ ತೆರೆದ ನಿಮಿಷಕ್ಕೇ ಮಗಳು ಕೂತು ಮಾಡಲಿ. ವಿಮಾನದ ಮಾದರಿ ಕೊನೆ ಗಳಿಗೆಯಲ್ಲಿ ಬದಲಾದರೆ ಕೊಂಡ ಸೀಟೂ ಬೇರೆ ಸಾಲಿಗೆ ಹಾರುತ್ತದೆ. ಟಿಕೆಟಿನಲ್ಲಿ ಬರೆದ ಮಾದರಿಯನ್ನು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಹಿಂದಿನ ದಿನ ಮತ್ತೆ ನೋಡಿಸಿ. ಬದಲಾಗಿದ್ದರೆ ಕೂಡಲೇ ವಿಮಾನ ಸಂಸ್ಥೆಗೆ ಫೋನ್ ಮಾಡಿ, ಬಲಗಡೆಯ, ರೆಕ್ಕೆಯ ಹಿಂದಿನ ಕಿಟಕಿಯೇ ಬೇಕೆಂದು ಕೇಳಿ. ಕೊಡಲಾಗದಿದ್ದರೆ ಸೀಟಿನ ಹಣ ವಾಪಸ್ ಕೇಳಲು ರಸೀದಿ ಇಟ್ಟುಕೊಂಡಿರಿ.